ಮೋಡದ ಮುಂದೆ ಬಂದದ್ದು

ಕೆಂಪುಗುಡ್ಡ, ಫೆಬ್ರವರಿ ೩೦, ೨೩೦೭

ಹಿರಿಯರಿಗೆ,

ತಾರೀಕು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಬರೆಯುತ್ತಿರುವ ವಿಷಯವೂ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ.

ಸೂರ್ಯನಿಂದ ಸಿಡಿದು ಬರುವ ಕಾದ ಪ್ಲಾಸ್ಮಾ ರಾಶಿಯನ್ನು ನಾವು ಸೌರಮೋಡ ಎನ್ನುತ್ತೇವೆ. ಅದರ ಕಾಂತಕ್ಷೇತ್ರ ಉತ್ತರಕ್ಕಿದ್ದರೆ ಅಷ್ಟು ಬಾಧೆಯಿಲ್ಲ. ದಕ್ಷಿಣಕ್ಕಿದ್ದರೆ ಭೂಮಿಯ ಕಾಂತರಕ್ಷೆ ತೆರೆದುಕೊಂಡು ವಿದ್ಯುತ್ ಜಾಲವೇ ಸುಡಬಹುದು. ಅದಕ್ಕೇ ಊರೂರಿಗೂ ಒಂದು ದಿಕ್ಕುಮನೆ ಇದೆ. ಮೋಡ ಬರುವ ಮೊದಲೇ ಅದರ ದಿಕ್ಕನ್ನು ಲೆಕ್ಕಹಾಕಿ ಹೇಳುವ ಕಚೇರಿ ಅದು. ದಕ್ಷಿಣ ಎಂದ ದಿನ, ತಿಳಿಯದು ಎಂದ ದಿನವೂ, ಊರು ಕರೆಂಟು ತೆಗೆದು, ಬಿಸಿಪೆಟ್ಟಿಗೆಯಲ್ಲಿಟ್ಟ ಅನ್ನ ಉಂಡು, ಗಣಿಗೆ ಇಳಿಯದೆ ಕಟ್ಟೆಯ ಮೇಲೆ ಹರಟುತ್ತದೆ.

ನನ್ನ ಅತ್ತಿಗೆ ನೀಲಗಂಗಾ ನಮ್ಮ ದಿಕ್ಕುಮನೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಒಮ್ಮೆ ಅವರು ಮೋಡದ ದಿಕ್ಕು ತಿಳಿಯದು ಎಂದು ಸಾರಿದಾಗ ಊರೆಲ್ಲ ನಕ್ಕಿತು. ಏನಾದರೂ ಒಂದು ಹೇಳಬಾರದೇ ಎಂದು ಮನೆಯಲ್ಲಿ ನಾವೂ ಆಡಿಕೊಂಡೆವು.

ಮುಂದಿನ ಮೋಡಕ್ಕೆ ಅವರು ಉತ್ತರ ಎಂದರು. ಒಳಗಿನ ಕ್ಷೇತ್ರ ಉತ್ತರಕ್ಕೇ ಇತ್ತು. ಆದರೆ ಅತಿವೇಗದ ಮೋಡ ತನ್ನ ಮುಂದಿನ ಸೌರಗಾಳಿಯನ್ನು ಒತ್ತುತ್ತದೆ. ಆ ಗಾಳಿಯ ಕಾಂತರೇಖೆಗಳು ದೋಣಿಯ ಮೂತಿಯನ್ನು ನೀರು ಬಳಸಿದಂತೆ ಮೋಡವನ್ನು ಬಳಸಿ ಬಾಗುತ್ತವೆ. ಅತ್ತಿಗೆಯ ಲೆಕ್ಕದ ಮಾದರಿಯಲ್ಲಿ ಆ ಭಾಗ ಇನ್ನೂ ಪಕ್ಕಾ ಆಗಿರಲಿಲ್ಲ. ಬಾಗಿದ ಆ ರೇಖೆಗಳಲ್ಲಿ ದಿಕ್ಕು ದಕ್ಷಿಣಕ್ಕೆ ತಿರುಗಿತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟು, ಗಣಿಯೊಳಕ್ಕೆ ಗಾಳಿ ಊದುವ ಯಂತ್ರ ನಿಂತಿತು. ಉಳಿದವರು ಹೇಗೋ ಮೇಲೆ ಬಂದರು. ನಮ್ಮ ಓಣಿಯ ಹುಲಿಗೆವ್ವನ ಮಗ ಯಮನೂರಪ್ಪ ಬರಲಿಲ್ಲ.

ಮೋಡವನ್ನು ಅಳೆಯುವ ಉಪಗ್ರಹ ಕೆಟ್ಟಿತ್ತೆಂದು ಹೇಳಿಬಿಡು ಎಂದು ಅಣ್ಣ ಬೇಡಿಕೊಂಡ. ಅತ್ತಿಗೆ ಸೆರಗು ಹೊದ್ದು ಹುಲಿಗೆವ್ವನ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ತನಗೆ ಅನುಮಾನವಿತ್ತೆಂದೂ, ಮತ್ತೆ ನಗುತ್ತಾರೆಂದು ಅಂಜಿ ಬಾಯಿಬಿಡಲಿಲ್ಲವೆಂದೂ ಹೊಸ್ತಿಲಾಚೆ ನಿಂತೇ ಹೇಳಿದರು.

ಹುಲಿಗೆವ್ವ ಹೊಸ್ತಿಲ ತನಕ ಬಂದರು.

"ಗೊತ್ತಿಲ್ಲ ಅಂದಿದ್ರ ನನ್ನ ಮಗ ಮನ್ಯಾಗ ಇರ್ತಿದ್ದನವ್ವ," ಎಂದರು. ಆಮೇಲೆ ಮೆಲ್ಲಗೆ, "ಆವತ್ತು ನಾನೂ ನಕ್ಕಿದ್ದೆ," ಎಂದರು.

ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋದರು. ಮೋಡದ ಸುತ್ತಲಿನ ಆ ಬಾಗನ್ನು ಹಿಡಿಯುವ ಮಾದರಿ ಕಟ್ಟಲು ವರ್ಷಗಳೇ ಬೇಕಾದವು. ಈಗ ಅದು ಬಹುಪಾಲು ಸರಿ ಹೇಳುತ್ತದೆ. ಅದನ್ನು ಯಾರಾದರೂ ಹೊಗಳಿದರೆ ಅವರು ಎದ್ದು ಒಳಗೆ ಹೋಗುತ್ತಾರೆ. ನಮಗೂ ಅವರ ಮುಖ ನೋಡಲಾಗುವುದಿಲ್ಲ.

ನಿಮ್ಮಲ್ಲೂ ಈ ಲೆಕ್ಕ ಹಾಕುವವರು ಇರಬೇಕು. ತಿಳಿಯದು ಎಂದು ಅವರು ಹೇಳಿದರೆ ಗೌರವದಿಂದ ಕೇಳಿಸಿಕೊಳ್ಳಿ. ಒಂದು ದಿನದ ಕೆಲಸ ಕೆಟ್ಟರೆ ಕೆಡಲಿ.

ಇಂತಿ,
ನಿಮ್ಮ ವಂಶದಲ್ಲಿ ಇನ್ನೂ ಹುಟ್ಟಬೇಕಾದ
ಶಾಂಭವಿ