ಗುರವ್ವನ ಕುಂಚಿಗೆ

ಶಲವಡಿ,
ತಾ. ೯-೭-೧೯೮೭

ಪ್ರೀತಿಯ ಶಂಭುಲಿಂಗಾ,

ಆಶೀರ್ವಾದ. ನಿನ್ನ ಕೆಮ್ಮು ಕಡಿಮೆಯಾಯಿತೇ? ಹಡಗುಕಟ್ಟೆಯ ಕೆಲಸ ಮುಗಿಸಿ ಬೆವರಿದ ಮೈಗೆ ತಣ್ಣೀರು ಸುರಿದುಕೊಳ್ಳಬೇಡ ಎಂದು ಎಷ್ಟು ಸಲ ಬರೆಯಲಿ? ಇಲ್ಲಿ ನಾನೂ ಎರಡು ಎತ್ತುಗಳೂ ಚೆನ್ನಾಗಿದ್ದೇವೆ. ಸದ್ಯ ನನ್ನ ಮಾತಿಗೆ ಎದುರಾಡದವು ಅವೆರಡೇ. ನಿನ್ನ ಹೆಂಡತಿ ಅನ್ನವ್ವ ಮಗುವಿನೊಂದಿಗೆ ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿದ್ದಾಳೆ. ಎತ್ತುಗಳಿಗೆ ಮೇವು ಹಾಕುವವರಿಲ್ಲವೆಂದು ನಾನು ನಿನ್ನೆ ಊರಿಗೆ ಬಂದೆ.

ಈಗ ಸುದ್ದಿ. ಕೂತು ಓದು, ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಗುರವ್ವ ಬೆಳಗ್ಗೆ ಎದ್ದ ಕೂಡಲೇ ವಾಂತಿ ಮಾಡುವುದು, ತಲೆ ಹಿಡಿದುಕೊಂಡು ಅಳುವುದು, ಗೋಡೆ ಹಿಡಿಯದೆ ನಡೆಯಲಾಗದ್ದು ನಿನಗೆ ಗೊತ್ತೇ ಇದೆ. ಐದು ವರ್ಷದ ಕೂಸು! ತಲೆಯ ಹಿಂಭಾಗದಲ್ಲಿ ಗಡ್ಡೆ ಇರಬಹುದು, ಎಲ್ಲಿದೆ ಎಷ್ಟಿದೆ ಎಂದು ಕಾಣದೆ ಆಪರೇಶನ್ ಮಾಡಲಾಗದು, ತಡವಾದರೆ ಕಷ್ಟ ಎಂದರು ಡಾಕ್ಟರಮ್ಮ. ಅದಕ್ಕೇ ಸ್ಕ್ಯಾನ್. ಮಗುವಿಗೆ ನಿದ್ದೆ ಬರಿಸಿ, ದೊಡ್ಡ ಬಳೆಯಂಥ ಯಂತ್ರದೊಳಗೆ ತಲೆ ಇಡುತ್ತಾರೆ. ಉಳ್ಳಾಗಡ್ಡಿ ಹೆಚ್ಚಿದ ಹಾಗೆ ಮೆದುಳನ್ನು ಒಂದೊಂದೇ ಹೋಳಾಗಿ ಚಿತ್ರದಲ್ಲಿ ತೋರಿಸುತ್ತದಂತೆ.

ಆ ಯಂತ್ರ ನಡೆಸುವವನು ಬಾಷಾಸಾಬ, ನಮ್ಮ ಕಡೆಯ ಮೊರಬ ಊರಿನವನೇ. “ಅಜ್ಜಾರ, ಕೊರಳಾಗಿಂದು, ಕಿವ್ಯಾಗಿಂದು ಎಲ್ಲಾ ತಗೀರಿ, ಇಲ್ಲಾಂದ್ರ ಚಿತ್ರ ಕೆಡತೈತಿ” ಎಂದ. ಅನ್ನವ್ವ ಮಗುವಿನ ಓಲೆ ಬಿಚ್ಚಿದಳು. ಲಿಂಗವನ್ನೂ ತೆಗೆಯಬೇಕಂತೆ! ಓಲೆಗೂ ಲಿಂಗಕ್ಕೂ ವ್ಯತ್ಯಾಸ ತಿಳಿಯದ ಜನ. ಕಟ್ಟಿದ ಲಿಂಗ ಜೀವ ಇರುವ ತನಕ ಮೈಮೇಲಿಂದ ಇಳಿಯುವುದುಂಟೇ ನಮ್ಮಲ್ಲಿ? ಆದರೂ ಕೊರಳಿನಿಂದ ನಾನೇ ಬಿಚ್ಚಿದೆ. ಕೋಣೆಯೋ ಮಂಜುಗಡ್ಡೆ. ನಿನ್ನವ್ವ ಸಾಯುವ ಮೊದಲು ಹೊಲಿದಿಟ್ಟ ಬಟ್ಟೆಯ ಕುಂಚಿಗೆಯಾದರೂ ಮಗುವಿನ ತಲೆಯ ಮೇಲಿರಲಿ ಎಂದು ಕೇಳಿಕೊಂಡೆ. “ಬರೇ ಅರಬಿ ಅಲ್ಲೇನ್ರಿ, ಇರಲಿ ಬಿಡ್ರಿ” ಎಂದ.

ಎರಡು ದಿನ ಬಿಟ್ಟು ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದರು. ತಲೆಯ ಹಿಂಭಾಗದಲ್ಲಿ, ನೋಡಬೇಕಾದ ಜಾಗದಲ್ಲೇ, ಬಿಳಿ ಗೆರೆಗಳು ಚೆಲ್ಲಾಡಿವೆ. ಏನೂ ಕಾಣದು. ಮತ್ತೆ ತೆಗೆಯಬೇಕು, ಸರದಿ ಬರಲು ಒಂಬತ್ತು ದಿನ. ಒಂಬತ್ತು ದಿನ ಆ ಕೂಸು ವಾಂತಿ ಮಾಡುತ್ತ ಮಲಗಿರಬೇಕೇ? ಮೂವತ್ತು ವರ್ಷ ಶಾಲೆ ನಡೆಸಿದ ಗಂಟಲು ನನ್ನದು, ಇಡೀ ವಾರ್ಡು ಕೇಳುವ ಹಾಗೆ ಕೂಗಾಡಿದೆ. ಆ ಡಾಕ್ಟರಮ್ಮ, ನನ್ನ ವಿದ್ಯಾರ್ಥಿಗಳ ವಯಸ್ಸಿನವಳು, ಕೈಮುಗಿದು, “ಯಂತ್ರದ ತಪ್ಪಿರಬಹುದು, ಕ್ಷಮಿಸಿ” ಎಂದಳು. ನಾನು ಅಲ್ಲಿಗೇ ಬಿಡಲಿಲ್ಲ. ಬಾಷಾಸಾಬನ ಮೇಲೆ ಎರಡು ಪುಟ ದೂರು ಬರೆದು ಮೇಲಿನವರಿಗೆ ಕೊಟ್ಟೆ. ವಿಚಾರಣೆ ಮುಗಿಯುವವರೆಗೆ ಅವನನ್ನು ಯಂತ್ರದ ಹತ್ತಿರ ಬಿಡುವುದಿಲ್ಲವಂತೆ.

ಇಷ್ಟೆಲ್ಲ ಆಗುವಾಗ ನೀನೆಲ್ಲಿದ್ದೆ? ಕೂಸನ್ನು ಬೆಂಗಳೂರಿಗೆ ಕರೆದೊಯ್ದೆ ಎಂದು ನಾನು ಬರೆದರೆ, “ಅಪ್ಪಾ, ನೀವು ಮಾಡಿದ್ದ ಸರಿ” ಎಂದು ಕಾರ್ಡು ಬರೆದು ಕೈತೊಳೆದುಕೊಂಡೆ. ಓದಿ ಮೈ ಉರಿಯಿತು. ಅರವತ್ತೆಂಟು ವರ್ಷದ ಮುದುಕ ಮಾಡಿದ್ದೆಲ್ಲ ಸರಿ ಎಂದು ನಿನಗೆ ಹೇಳಿದವರು ಯಾರು? ಮಗಳು ನಿನ್ನವಳು. ಸರಿಯೋ ತಪ್ಪೋ ನೋಡಲು ನೀನು ಪಕ್ಕದಲ್ಲಿರಬೇಕಿತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗುರು ನಿನ್ನನ್ನು ಕಾಯಲಿ.

ನಿನ್ನ ತಂದೆ,
ಕುಬೇರಪ್ಪ

ತಾ.ಕ. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತೇನೆ. ಲಿಂಗವನ್ನು ಕೊರಳಿನಿಂದ ಬಿಚ್ಚಿದೆ, ಮೈಮೇಲಿಂದ ಇಳಿಸಲಿಲ್ಲ. ತಲೆಯ ಮೇಲೆ ಧರಿಸಿದರೂ ನಡೆಯುತ್ತದಲ್ಲ ಎಂದು, ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಕುಂಚಿಗೆಯ ಹಿಂದಿನ ಮಡಿಕೆಯಲ್ಲಿ ಯಾರಿಗೂ ಕಾಣದ ಹಾಗೆ ಇಟ್ಟಿದ್ದೆ. ಆ ಬಿಳಿ ಗೆರೆ ನನ್ನದು. ಚಿತ್ರ ನೋಡಿದಾಗಲೇ ತಿಳಿಯಿತು. ತಿಳಿದೂ ಕೂಗಾಡಿದೆ, ತಿಳಿದೂ ದೂರು ಬರೆದೆ. ಎತ್ತುಗಳನ್ನು ಬಾಜು ಮನೆಯ ದೇವಕ್ಕ ಚೆನ್ನಾಗಿಯೇ ನೋಡಿಕೊಂಡಿದ್ದಳು. ನಾನು ಅನ್ನವ್ವನ ಮುಖ ನೋಡಲಾರದೆ ಓಡಿ ಬಂದೆ. ಈಗಿನ ಬಸ್ಸಿಗೇ ವಾಪಸು ಹೊರಟೆ, ಎಲ್ಲವನ್ನೂ ಅವಳಿಗೂ ಬಾಷಾಸಾಬನಿಗೂ ಹೇಳುತ್ತೇನೆ. ಹದಿನೈದಕ್ಕೆ ಮತ್ತೆ ಚಿತ್ರ. ಹದಿನಾಲ್ಕಕ್ಕೇ ನೀನು ಅಲ್ಲಿರು. ಮಗುವಿನ ಲಿಂಗವನ್ನು ಬಿಚ್ಚಿ ನಿನ್ನ ಅಂಗೈಯಲ್ಲಿ ಹಿಡಿದು ಹೊರಗೆ ನಿಲ್ಲು. ಎಷ್ಟು ಕೇಳಿದರೂ ನನ್ನ ಕೈಗೆ ಕೊಡಬೇಡ. ಕೊಟ್ಟರೆ ಮತ್ತೆ ಅಲ್ಲೇ ಇಟ್ಟೇನು.