ವೀಳ್ಯ ಮುಟ್ಟಿದ ಮೇಲೆ

ಗುತ್ತಲು, ಮಂಡ್ಯ
8 ಜನವರಿ 2026, ಗುರುವಾರ

ನಮ್ಮ ವೀಣಳ ಅಪ್ಪನಿಗೆ,

ಕರ್ತನಾದ ಯೇಸುವಿನ ಹೆಸರಿನಲ್ಲಿ ಭಾಗ್ಯ ಕೈಮುಗಿದು ಬರೆಯುವುದು. ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಸಲ ಚಳಿ ಮೈ ಕೊರೆಯುತ್ತಿದೆ, ಜೈಲಿನಲ್ಲಿ ಒಂದೇ ಕಂಬಳಿಯಂತೆ, ನಿಮಗೆ ಮೊದಲೇ ಮಂಡಿನೋವು. ಅಲ್ಲಿಯ ಮುದ್ದೆಯಲ್ಲಿ ಬರೀ ಗಂಟು ಎಂದು ಅತ್ತೆ ಹೇಳಿಕೊಂಡು ಅತ್ತರು. ಮನೆಯಲ್ಲಿ ಒಂದು ಗಂಟು ಸಿಕ್ಕರೂ ತಟ್ಟೆ ಗೋಡೆಗೆ ಹೋಗುತ್ತಿತ್ತು, ಅಲ್ಲಿ ಸುಮ್ಮನೆ ನುಂಗುತ್ತಿದ್ದೀರಂತೆ. ಅಭ್ಯಾಸವಾದರೆ ಎಲ್ಲವೂ ಇಳಿಯುತ್ತದೆ ನೋಡಿ. ನನ್ನ ಬೆನ್ನು ಪರವಾಗಿಲ್ಲ. ಚಳಿಗೆ ಚರ್ಮ ಬಿಗಿದುಕೊಳ್ಳುತ್ತದೆ, ಸಂಜೆ ವೀಣ ಕೊಬ್ಬರಿ ಎಣ್ಣೆ ಸವರುತ್ತಾಳೆ. ಅವಳು ನಿಮ್ಮನ್ನು ಕೇಳುತ್ತಾಳಾ ಎಂದು ಅತ್ತೆಯ ಹತ್ತಿರ ವಿಚಾರಿಸಿದ್ದಿರಂತೆ. ಇಲ್ಲ, ಕೇಳುವುದಿಲ್ಲ. ಶಾಲೆಯಲ್ಲಿ ಯಾರೋ ನಿಮ್ಮಪ್ಪ ಎಲ್ಲಿ ಎಂದರೆ, ಸತ್ತುಹೋದರು ಎಂದಳಂತೆ. ಸುಳ್ಳು ಹೇಳಬಾರದು ಎಂದು ಗದರಿದ್ದೇನೆ.

ಬರುವ ಸೋಮವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ಕೊಪ್ಪರಿಗೆಯ ಹತ್ತಿರ ನಾನೇ ಜಾರಿಬಿದ್ದೆ ಎಂದು ನಮ್ಮ ಆಲೆಮನೆಯ ಕೆಲಸದವರು, ನಿಮ್ಮ ಗೆಳೆಯರು ಎಲ್ಲ ಹೇಳಿಯಾಗಿದೆ. ನಿಮ್ಮ ಅನ್ನ ತಿಂದವರು, ಇನ್ನೇನು ಹೇಳಿಯಾರು? ಆ ದಿನ ನನ್ನ ಬೆನ್ನಿಗೆ ಕೊಡ ಕೊಡ ನೀರು ಸುರಿದ ಬೋರಯ್ಯನೂ, ನಾನು ಗದ್ದೆ ಕಡೆ ಹೋಗಿದ್ದೆ ಸ್ವಾಮಿ ಎಂದನಂತೆ. ಈಗ ಉಳಿದಿರುವುದು ನನ್ನ ಮಾತೊಂದೇ. ನಾನೂ ಜಾರಿಬಿದ್ದೆ ಎಂದರೆ ನೀವು ಮನೆಗೆ, ಇಲ್ಲವಾದರೆ ಅಲ್ಲೇ. ನಡೆದದ್ದು ನಮ್ಮಿಬ್ಬರಿಗೂ ಗೊತ್ತು. ಬುತ್ತಿ ತಂದಿದ್ದೆ, ನೀವು ಇಬ್ಬರು ಗೆಳೆಯರ ಜೊತೆ ಕುಡಿಯುತ್ತ ಕೂತಿದ್ದಿರಿ. ಊಟ ಆರಿಹೋಗುತ್ತದೆ, ಏಳಿ ಎಂದೆ. ಗೆಳೆಯರು ನಕ್ಕರು. ನೀವು ನಗಲಿಲ್ಲ. “ನಾಕ್ ಜನದ್ ಮುಂದೆ ನನ್ನ ಏಳು ಅಂತೀಯೇನೇ?” ಎಂದಿರಿ. ಮಾತು ಬೆಳೆಸುವುದು ಬೇಡವೆಂದು ನಾನು ಮನೆ ಕಡೆ ತಿರುಗಿದ್ದೆ. ಕುದಿಯುವ ಪಾಕ ಬೆನ್ನಿಗೆ ಬಿದ್ದಾಗ ಅದು ಏನೆಂದು ಮೊದಲು ಗೊತ್ತೇ ಆಗಲಿಲ್ಲ. ತಿರುಗಿ ನೋಡಿದರೆ ಉದ್ದ ಹಿಡಿಯ ಸೌಟು ನಿಮ್ಮ ಕೈಯಲ್ಲಿತ್ತು. ಬೆಲ್ಲದ ಪಾಕ ನೀರಿನ ಹಾಗಲ್ಲ, ಹರಿದು ಹೋಗುವುದಿಲ್ಲ, ಅಂಟಿಕೊಂಡು ಒಳಗೆ ಇಳಿಯುತ್ತದೆ. ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ, ನಿಮ್ಮದು ಮೂರು ತಲೆಮಾರಿನ ಆಲೆಮನೆ.

ಆಸ್ಪತ್ರೆಗೆ ನಿಮ್ಮ ಕಡೆಯವರು ಯಾರೂ ಬರಲಿಲ್ಲ. ಬಂದವರು ಯಶೋದಮ್ಮ, ರೋಗಿಗಳಿಗಾಗಿ ಪ್ರಾರ್ಥನೆ ಮಾಡಿಕೊಂಡು ವಾರ್ಡಿನಲ್ಲಿ ಓಡಾಡುವ ಹೆಂಗಸು. ದೇವರ ಮಾತು ಆಮೇಲೆ ಬಂತು. ಮೊದಲು ಅವರು ಕೇಳಿದ್ದು, ತಲೆ ಬಾಚಲಾ ಎಂದು. ಕೈ ಎತ್ತಲಾಗದೆ ನನ್ನ ತಲೆ ಹೇನು ಬಿದ್ದು ಜಡೆಗಟ್ಟಿತ್ತು. ಅಷ್ಟು ಹೊತ್ತು ಕೂತು ಒಬ್ಬರು ನನ್ನನ್ನು ನೋಯಿಸದೆ ಮುಟ್ಟಿದ್ದು, ಮದುವೆಯಾದ ಮೇಲೆ ಅದೇ ಮೊದಲು. ಈಗ ನಾವು ಅವರ ಪಕ್ಕದ ಮನೆಯಲ್ಲೇ ಇದ್ದೇವೆ, ಹಿಟ್ಟಿನ ಗಿರಣಿಯ ಮಹಡಿಯ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತೇವೆ. ಡಿಸೆಂಬರಿನಲ್ಲಿ ನಾಲೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟರು. ಆ ತಣ್ಣೀರು ಬೆನ್ನಿಗೆ ತಗುಲಿದಾಗ ನನಗೆ ಅಳು ತಡೆಯಲಾಗಲಿಲ್ಲ. ಜಾತಿ ಕೆಡಿಸಿಕೊಂಡಳು ಎಂದು ಊರಿನಲ್ಲಿ ಆಡಿಕೊಳ್ಳುತ್ತಾರಂತೆ. ಸುಟ್ಟ ದಿನ ಆಡದ ಬಾಯಿಗಳು, ಈಗ ಆಡಿಕೊಳ್ಳಲಿ.

ನಮಗೆ ಹೊಸ ವರ್ಷವೆಂದರೆ ಯುಗಾದಿ, ಆದರೆ ಈ ಸಲ ನನಗೆ ಜನವರಿಗೇ ಬಂತು. ಒಂದನೇ ತಾರೀಖು ಬೆಳಗಿನ ಆರಾಧನೆಯಲ್ಲಿ ಮೊದಲ ಸಲ ನನಗೂ ಕರ್ತನ ಭೋಜನದ ರೊಟ್ಟಿ ಕೊಡುವವರಿದ್ದರು. ಯಾರ ಮೇಲಾದರೂ ಹಗೆ ಇಟ್ಟುಕೊಂಡು ಇದನ್ನು ಮುಟ್ಟಬೇಡಿ, ಹಳೆಯದನ್ನು ಬಿಟ್ಟವರಿಗೇ ಹೊಸ ವರ್ಷ ಎಂದರು ಪಾಸ್ಟರ್. ತಟ್ಟೆ ಹತ್ತಿರ ಬರುತ್ತಿತ್ತು. ನನಗೆ ನಿಮ್ಮ ಮುಖ ಬಿಟ್ಟು ಬೇರೆ ಯಾವ ಹಗೆ ಇದೆ? ಕಣ್ಣು ಮುಚ್ಚಿ ನಿಮ್ಮನ್ನೇ ನೆನೆದುಕೊಂಡೆ, ಕ್ಷಮಿಸಿದೆ ಎಂದೆ. ಬಾಯಿಮಾತಿಗೆ ಅಂದದ್ದಲ್ಲ. ಅಂದ ಮೇಲೆ ಎದೆ ಹಗುರಾಯಿತು. ನಿಜ ಹೇಳಬೇಕೆಂದರೆ ಅವತ್ತಿನಿಂದ ನೀವು ನನಗೆ ನೆನಪೇ ಆಗುತ್ತಿಲ್ಲ. ಸಿಟ್ಟಿದ್ದಾಗ ದಿನವೂ ನಿಮ್ಮ ಜೊತೆಯಲ್ಲೇ ಬದುಕುತ್ತಿದ್ದೆ. ಈಗ ನೀವು ಬಸ್ಸಿನಲ್ಲಿ ಪಕ್ಕ ಕೂತು ಇಳಿದುಹೋದ ಯಾರೋ.

ಈ ಸುದ್ದಿ ನಿಮ್ಮೂರು ಚಿಕ್ಕರಸಿನಕೆರೆಗೆ ಹೇಗೆ ಮುಟ್ಟಿತೋ, ಭಾನುವಾರ ಅತ್ತೆ ಬಂದರು. ಜೊತೆಗೆ ಪಂಚಾಯ್ತಿ ಮಾಡುವ ಮರಿಸಿದ್ದಯ್ಯನವರು, ತಟ್ಟೆಯಲ್ಲಿ ಎಲೆ ಅಡಿಕೆ. ನನ್ನನ್ನು ನೋಡಲು ಆಸ್ಪತ್ರೆಗೆ ಬಾರದ ಕಾಲು ರಾಜಿಗೆ ಬಂತು. “ನಿಮ್ ಯೇಸು ಚಮಿಸು ಅಂತಾನಂತಲ್ಲ ಕಣಮ್ಮ. ಜಾರ್ಬಿದ್ದೆ ಅಂದ್ಬುಡು, ನನ್ ಮಗ ಮನ್ಗೆ ಬತ್ತಾನೆ,” ಎಂದು ಸೆರಗೊಡ್ಡಿದರು. ನೀವೇ ಹೇಳಿಕಳಿಸಿದ ಮಾತಂತೆ. ಕ್ಷಮಿಸಿದ್ದೇನೆ ಅತ್ತೆ ಎಂದೆ, ವೀಳ್ಯ ತೆಗೆದುಕೊಂಡೆ. ವೀಳ್ಯ ಮುಟ್ಟಿದ ಮೇಲೆ ನ್ಯಾಯ ಮುಗಿದ ಹಾಗೆ ಎಂದು ಮರಿಸಿದ್ದಯ್ಯನವರು ತೊಡೆ ತಟ್ಟಿ ಎದ್ದರು. ಅತ್ತೆ ನನ್ನ ಗಲ್ಲ ಹಿಡಿದು ಮುದ್ದಿಸಿದರು. ಹದಿನೈದು ವರ್ಷದ ಸಂಸಾರದಲ್ಲಿ ಆ ಮುದ್ದು ಕಂಡಿರಲಿಲ್ಲ. ಸಂಕ್ರಾಂತಿಗೆ ಎತ್ತುಗಳನ್ನು ಕಿಚ್ಚು ಹಾಯಿಸಲು ಮಗನೇ ಇರುತ್ತಾನೆ ಎಂದು ಕೇರಿಗೆಲ್ಲ ಹೇಳಿದ್ದಾರಂತೆ. ನಿಮಗೂ ಹೇಳಿರುತ್ತಾರೆ, ಎರಡು ತುತ್ತು ಹೆಚ್ಚಿಗೆ ಉಂಡಿರುತ್ತೀರಿ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಬೀಡಿ ಕಮ್ಮಿ ಮಾಡಿ. ದೇವರು ನಿಮ್ಮನ್ನೂ ಹೊಸಬರನ್ನಾಗಿ ಮಾಡಲಿ, ಅಲ್ಲಿ ಬೇಕಾದಷ್ಟು ಪುರುಸೊತ್ತಿದೆ.

ಇಂತಿ,
ವೀಣಳ ತಾಯಿ
ಭಾಗ್ಯಲಕ್ಷ್ಮಿ

ಇನ್ನೊಂದು ಮಾತು. ಶನಿವಾರ ಪಾಸ್ಟರ್ ಜೈಲಿಗೆ ಪ್ರಾರ್ಥನೆಗೆ ಹೊರಟಿದ್ದಾರೆ, ಕಾಗದ ಅವರ ಕೈಗೆ ಕೊಡಬೇಕು, ಬೇಗ ಬರೆಯುತ್ತೇನೆ. ಸೋಮವಾರ ನಾನು ಜಾರಿಬಿದ್ದೆ ಎಂದು ಹೇಳುವುದಿಲ್ಲ. ಸೌಟು, ನೀವು, ನನ್ನ ಬೆನ್ನು, ಎಲ್ಲ ಇದ್ದ ಹಾಗೇ ಹೇಳುತ್ತೇನೆ. ವೀಳ್ಯ ತೆಗೆದುಕೊಂಡಿದ್ದು ಹಗೆ ಬಿಟ್ಟೆ ಎನ್ನುವುದಕ್ಕೆ, ಸುಳ್ಳು ಹೇಳುತ್ತೇನೆ ಎನ್ನುವುದಕ್ಕಲ್ಲ. ಅತ್ತೆ ತಪ್ಪು ತಿಳಿದರು, ನಾನು ತಿದ್ದಲಿಲ್ಲ. ಅದೊಂದಕ್ಕೆ ದೇವರ ಹತ್ತಿರ ನಾನೇ ಉತ್ತರ ಕೊಟ್ಟುಕೊಳ್ಳುತ್ತೇನೆ. ಭಾನುವಾರ ಅತ್ತೆ ನಿಮಗೆ ಹೊಸ ಪಂಚೆ, ಶರಟು ತರುತ್ತಾರೆ, ಸೋಮವಾರ ಅದನ್ನೇ ಉಟ್ಟು ಮನೆಗೆ ಬರಲಿ ಎಂದು. ನೀವೇ ಅವರಿಗೆ ಹೇಳಿಬಿಡಿ.