ಎಲ್ ಎಸ್ಪಿನೊ ಬೀದಿಯ ಗೋಡೆ

ಎಲ್ ಎಸ್ಪಿನೊ ಬಡಾವಣೆ, ಸಾಂತಿಯಾಗೊ
೨೮ ಸೆಪ್ಟೆಂಬರ್ ೧೯೯೨

ನನ್ನ ಮುದ್ದು ತಂಗಿ ಓರಿಯಾನಾ,

ನಿನ್ನ ಕಾಗದ ಬಂದು ಇಡೀ ಚಳಿಗಾಲವೇ ಕಳೆಯಿತು. ಸ್ವೀಡನ್ನಿನಲ್ಲಿ ಕೂತು ಈ ಅಕ್ಕನನ್ನು ಎಷ್ಟು ಬೈದುಕೊಂಡೆಯೋ! ಬೈದುಕೋ, ತಪ್ಪಿಲ್ಲ. ನಾವೆಲ್ಲ ಕ್ಷೇಮ. ನನ್ನ ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಎಲ್ಲರ ಕೆಲಸ ಹೋಗಿದ್ದಾಗ ಒಂದೇ ಹಂಡೆಯಲ್ಲಿ ಕಾಳು ಬೇಯಿಸಿ ಬೀದಿಗೆಲ್ಲ ಬಡಿಸುತ್ತಿದ್ದೆವಲ್ಲ, ಆ ಅಡುಗೆಮನೆಯ ಹೊರಗೋಡೆಯ ಮೇಲೆ ಸೈನಿಕರು ಎಳೆದೊಯ್ದ ನಮ್ಮ ಮಕ್ಕಳ ಹೆಸರು ಬರೆದಿದ್ದೆವು. ರಾಷ್ಟ್ರೀಯ ಹಬ್ಬದ ಹಿಂದಿನ ದಿನ ಎದ್ದು ನೋಡಿದರೆ ಇಬ್ಬರು ಕೂಲಿಯವರು ಅದಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ಮುಂದೆ ನಿಂತು ಬಳಿಸುತ್ತಿದ್ದವನು ಯಾರು ಗೊತ್ತೇ? ನಮ್ಮ ಎವರಿಸ್ತೊ! ಸೈನ್ಯದ ಆಳ್ವಿಕೆಯ ದಿನಗಳಲ್ಲಿ, ಸೈನಿಕರು ಹುಡುಕಿ ಬಂದಾಗ ನನ್ನ ಮಂಚದ ಕೆಳಗೆ ಅಡಗಿ ಬದುಕಿಕೊಂಡವನು. ಈಗ ಬಡಾವಣೆಯ ಸಂಘಕ್ಕೆ ಅಧ್ಯಕ್ಷ.

"ಏನೋ ಇದು?" ಎಂದೆ.

"ರಸ್ತೆ ಉದ್ಘಾಟನೆಗೆ ದೊಡ್ಡೋರು ಬರ್ತಿದ್ದಾರಕ್ಕ. ಗೋಡೆ ತುಂಬಾ ಸತ್ತೋರ ಹೆಸರಿದ್ರೆ ಏನಂದ್ಕೊಳ್ತಾರೆ? ಪ್ರಜಾಪ್ರಭುತ್ವ ಬಂದಾಯ್ತು. ಇನ್ನಾದ್ರೂ ಮರೀಬೇಕು."

"ಸತ್ತೋರು ಅಂತ ನಿಂಗ್ಯಾರೋ ಹೇಳಿದ್ದು? ಹೆಣ ನೋಡಿದ್ಯಾ? ಎಲ್ಲಿ ಹೂತಿದ್ದಾರೆ ಹೇಳು, ಈಗ್ಲೇ ಸಲಿಕೆ ತಗೊಂಡು ಹೊರಡ್ತೀನಿ!"

ಅವನು ಬಗ್ಗಿ ತನ್ನ ಹೊಸ ಬೂಟುಗಳ ಮೇಲೆ ಸಿಡಿದಿದ್ದ ಸುಣ್ಣ ಒರೆಸಿಕೊಂಡ. ಪಕ್ಕದ ಮನೆಯ ಉಬೆರ್ಲಿಂದಾಳ ನಾಲಿಗೆ ನಿನಗೆ ಗೊತ್ತಲ್ಲ. "ಇವನಿಗೆ ಮರೆವು ಚೆನ್ನಾಗೇ ಬರುತ್ತೆ ಕಣೇ. ನಿನ್ನ ಮಂಚದ ಕೆಳಗೆ ಉಚ್ಚೆ ಹೊಯ್ಕೊಂಡಿದ್ದೂ ಮರ್ತಿದ್ದಾನೆ!" ಎಂದಳು. ಕೂಲಿಯವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಸುಣ್ಣದ ಬಕೆಟ್ ಎತ್ತಿ ಅವನ ಬೂಟುಗಳ ಮೇಲೆ ಸುರಿದೆ.

ದೊಡ್ಡವರ ಕಾರುಗಳು ಬರುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಹೊಸ ರಸ್ತೆಗೆ ಅಡ್ಡ ಕೂತು ಪಾತ್ರೆಗಳನ್ನು ಬಡಿಯುತ್ತಿದ್ದೆವು. ಕಾರುಗಳು ಮೂಲೆಯಿಂದಲೇ ಹಿಂದಿರುಗಿದವು. ಪೊಲೀಸರು ಹಿಂದಿರುಗಲಿಲ್ಲ. ಲಾಠಿ ಬೀಸಿ, ಕೂದಲು ಹಿಡಿದೆಳೆದು ನಮ್ಮನ್ನು ಬಸ್ಸಿಗೆ ತುಂಬಿದರು. ಸರ್ಕಾರ ಹೊಸದು, ಬಸ್ಸು ಮಾತ್ರ ಅದೇ, ಓರಿಯಾನಾ. ಮಕ್ಕಳನ್ನು ಒಯ್ದವರು ಪಿಂಚಣಿ ತಿನ್ನುತ್ತಿದ್ದಾರೆ, ಠಾಣೆಯ ಬೆಂಚಿನ ಮೇಲೆ ಕೂರಬೇಕಾದವರು ನಾವು!

ಆ ಬೆಂಚಿನ ಮೇಲೇ ನಾನು ಹೇಳಿದೆ: "ಹೆಸರು ಬರೆದ್ರೆ ಅಳಿಸ್ತಾರೆ. ಈ ಸಲ ಮುಖ ಬರೆಸೋಣ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿರೋ ಮುಖಕ್ಕೆ ಯಾವನು ಸುಣ್ಣ ಬಳೀತಾನೋ ನೋಡ್ತೀನಿ." ಸಂಜೆ ಬಿಟ್ಟರು. ಮರುದಿನವೇ ತಾಯಂದಿರು ಪೆಟ್ಟಿಗೆ ತೆರೆದು ಫೋಟೊ ಹುಡುಕತೊಡಗಿದರು. ಮೈತೆ ಎಂಬ ಚಿತ್ರಕಲೆಯ ವಿದ್ಯಾರ್ಥಿನಿ ಬಂದು ಬರೆಯುತ್ತಿದ್ದಾಳೆ. ಉಬೆರ್ಲಿಂದಾಳ ಮಗ ಈಗ ಗೋಡೆಯ ಮೇಲಿಂದ ಬೀದಿಯನ್ನೇ ದಿಟ್ಟಿಸುತ್ತಾನೆ. ಎವರಿಸ್ತೊ ಹಿಂದಿನ ಬೀದಿಯಿಂದ ಸುತ್ತಿ ಮನೆಗೆ ಹೋಗುತ್ತಾನೆ. ಹೋಗಲಿ.

ನಿನ್ನ ಮನೆ ಬೆಚ್ಚಗಿರಲಿ. ನಿನ್ನ ಮಕ್ಕಳು ಜಗಳವಾಡುವಾಗಲಾದರೂ ನಮ್ಮ ಭಾಷೆಯಲ್ಲೇ ಆಡಲಿ. ದೇವರು ನಿಮ್ಮೆಲ್ಲರ ಜೊತೆಗಿರಲಿ.

ನಿನ್ನ ಅಕ್ಕ,
ನೋಲ್ಫಾ

ಮರೆತ ಮಾತು: ಮುಗಿಸಿದ್ದೆ, ಆದರೆ ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ? ನನ್ನ ಎಲಿಸೆಯೊನ ಜಾಗ ಗೋಡೆಯ ಮೇಲೆ ಖಾಲಿಯಿದೆ. ಅವನನ್ನು ಒಯ್ದ ದಿನ ಸೈನಿಕರು ಫೋಟೊಗಳನ್ನೆಲ್ಲ ಅಂಗಳದಲ್ಲಿ ಸುಟ್ಟರಲ್ಲ. "ನೀವು ಹೇಳ್ತಾ ಹೋಗಿ ಅಮ್ಮಾ, ನಾನು ಬರೀತೀನಿ. ಹುಬ್ಬು ಹೇಗಿತ್ತು?" ಎಂದು ಮೈತೆ ಕೇಳಿದಳು. ಬಾಯಿ ತೆರೆದೆ. ಅವನ ಕೆಮ್ಮು ನೆನಪಿದೆ, ಸ್ವೆಟರಿನ ಮೊಣಕೈಯ ತೂತು ನೆನಪಿದೆ. ಮುಖ ಬರಲಿಲ್ಲ. ಪಾಪ, ಆ ಹುಡುಗಿಯ ಮೇಲೆ ರೇಗಿ ಕಳಿಸಿಬಿಟ್ಟೆ. ಅವನನ್ನು ಒಯ್ದ ಬೆಳಿಗ್ಗೆ ನೀನೂ ಬಾಗಿಲಲ್ಲಿ ನಿಂತಿದ್ದೆ. ಯಾರಿಗೂ ಹೇಳಬೇಡ, ಬೇಗ ಬರೆ. ನನ್ನ ಮಗ ಹೇಗಿದ್ದ?